ಕಾವೇರಿ ಕೇಸಿನ ನರಿಮನ್ ಮತ್ತು ನಮ್ಮ ಬಾರ್ ರೂಮು

ಕಾವೇರಿ ಕೇಸು ನಡೆಸಿದ ವಕೀಲರ ಬಗ್ಗೆ ಕೊಡಗಿನಲ್ಲಿ ಎಲ್ಲರಿಗೂ ಒಂದೊಂದು ಅಭಿಪ್ರಾಯ ಇದೆ. ಸಂತೆ ದಿನ ಹೋಟೆಲಿನಲ್ಲಿ ಕೂತರೆ ಸಾಕು, ಯಾರಾದರೂ ಒಬ್ಬರು ತೀರ್ಪು ಕೊಟ್ಟೇ ಕೊಡುತ್ತಾರೆ. "ಅಷ್ಟು ಫೀಸು ತಗೊಂಡ್ರಲ್ಲ ಮಾರಾಯ, ಏನು ಮಾಡಿದ್ರು?" ನದಿ ಹುಟ್ಟೋದು ನಮ್ಮ ತಲಕಾವೇರಿಯಲ್ಲಿ. ನೀರಿನ ಜಗಳ ಮಾತ್ರ ಕೆಳಗಿನವರದ್ದು. ಜೂನಿನಲ್ಲಿ ಮಳೆ ಹಿಡಿಯಿತು ಅಂದರೆ ಮಂಡ್ಯದ ನೆಂಟರು ಫೋನ್ ಮಾಡಿ ಮೊದಲು ಕೇಳೋದೇ "ನಿಮ್ ಕಡೆ ಮಳೆ ಹೆಂಗೈತೆ?" ಅಂತ. ನಮ್ಮ ಕಾಫಿಗೆ ಕೊಳೆ ರೋಗ ಬಂತಾ, ದಾರಿ ಮೇಲೆ ಮರ ಬಿತ್ತಾ, ಅದನ್ನೆಲ್ಲ ಯಾರೂ ಕೇಳಲ್ಲ. ಕನ್ನಂಬಾಡಿ ಕಟ್ಟೆಯಲ್ಲಿ 124.80 ಅಡಿ ತುಂಬೋಕೆ ಇನ್ನೆಷ್ಟು ಬಾಕಿ ಅನ್ನೋದೇ ಅವರ ಲೆಕ್ಕ.

ಆ ವಕೀಲರಲ್ಲಿ ದೊಡ್ಡ ಹೆಸರು ಫಾಲಿ ನರಿಮನ್. 2024ರ ಫೆಬ್ರವರಿ 21ರಂದು ತೀರಿಕೊಂಡರು, 95ನೇ ವಯಸ್ಸಿನಲ್ಲಿ. ನಮ್ಮ ರಾಜ್ಯದ ಪರವಾಗಿ ಮೂರು ದಶಕ ನೀರಿನ ಕೇಸು ವಾದಿಸಿದವರು.

ನಾನು ಮಡಿಕೇರಿಯಲ್ಲಿ ವಕೀಲಿಕೆ ಮಾಡುತ್ತೇನೆ. ಜಮ್ಮಾ ಬಾಣೆ (ಕೊಡಗಿನ ವಂಶಪಾರಂಪರ್ಯ ಹಕ್ಕಿನ ಜಾಗ), ಪಟ್ಟೇದಾರರ (ಕುಟುಂಬದ ಪರ ಜಾಗದ ದಾಖಲೆಯಲ್ಲಿರುವವರ) ಹೆಸರು, ತೋಟಕ್ಕೆ ಹೋಗೋ ದಾರಿಯ ತಕರಾರು, ಇವೇ ನನ್ನ ಕೇಸುಗಳು. ನಡುವೆ ಕೆಲವು ವರ್ಷ ಸರ್ಕಾರಿ ವಕೀಲನಾಗಿಯೂ ಕೆಲಸ ಮಾಡಿದ್ದೇನೆ. ಹಾಗಾಗಿ ನರಿಮನ್ ಹೆಸರು ಬಂದಾಗ ನಾನು ಯೋಚಿಸೋದು ಬೇರೆ ವಿಷಯ. ಸರ್ಕಾರದ ಕೆಲಸ, ಖಾಸಗಿ ಕೆಲಸ ಎರಡನ್ನೂ ಮಾಡಿದ ಈ ಮನುಷ್ಯ ಯಾವಾಗ ಫೈಲು ಮಡಚಿ "ಇನ್ನು ನನ್ನಿಂದ ಆಗಲ್ಲ" ಅಂದರು, ಯಾವಾಗ ಅನ್ನಲಿಲ್ಲ?

ಹುಟ್ಟಿದ್ದು 1929ರಲ್ಲಿ, ಬರ್ಮಾದ ರಂಗೂನಿನಲ್ಲಿ, ಪಾರ್ಸಿ ಕುಟುಂಬದಲ್ಲಿ. 1942ರಲ್ಲಿ ಜಪಾನಿನ ಸೈನ್ಯ ನುಗ್ಗಿದಾಗ ಮನೆಮಂದಿಯೆಲ್ಲ ಕಾಡು ದಾರಿಯಲ್ಲಿ ನಡೆದು ಭಾರತಕ್ಕೆ ಬಂದರು. ಕಾಲೇಜು, ಕಾನೂನು ಓದಿದ್ದು ಬೊಂಬಾಯಿಯಲ್ಲಿ. 1950ರಲ್ಲಿ ವಕೀಲಿಕೆ ಶುರು ಮಾಡಿ ಸರ್ ಜಮ್ಷೆಡ್‌ಜಿ ಕಾಂಗಾ ಅವರ ಚೇಂಬರ್ ಸೇರಿದರು. ಹೆಸರಾಂತ ವಕೀಲರಾದ ನಾನಿ ಪಾಲ್ಕಿವಾಲಾ, ಸೋಲಿ ಸೊರಾಬ್ಜಿ ಬಂದದ್ದೂ ಅದೇ ಚೇಂಬರಿನಿಂದ. ಒಂದೇ ಕೋಣೆಯಿಂದ ಅಷ್ಟು ಜನ ಹೇಗೆ ಬಂದರು ಅಂತ ನಮ್ಮ ಬಾರ್ ರೂಮಿನಲ್ಲಿ ಆಗಾಗ ಮಾತು ಬರುತ್ತದೆ. ನಮ್ಮಲ್ಲಿ ಒಂದು ಕೋಣೆಯಲ್ಲಿ ಅಷ್ಟು ಕುರ್ಚಿಯೇ ಇಲ್ಲ. 1971ರಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲರಾದರು. 1972ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಅವರನ್ನು ಅಡಿಷನಲ್ ಸಾಲಿಸಿಟರ್ ಜನರಲ್ ಮಾಡಿತು. ಬೊಂಬಾಯಿ ಬಿಟ್ಟು ದಿಲ್ಲಿಗೆ ಹೋದರು.

ಈ ಹುದ್ದೆ ಬಗ್ಗೆ ಸ್ವಲ್ಪ ಹೇಳಬೇಕು. ಅಟಾರ್ನಿ ಜನರಲ್ ಹುದ್ದೆಗೆ ಸಂವಿಧಾನದ 76ನೇ ವಿಧಿ ಉಂಟು. ರಾಜ್ಯದ ಅಡ್ವೊಕೇಟ್ ಜನರಲ್‌ಗೆ 165ನೇ ವಿಧಿ. ಅಡಿಷನಲ್ ಸಾಲಿಸಿಟರ್ ಜನರಲ್ ಹೆಸರು ಸಂವಿಧಾನದಲ್ಲಿ ಎಲ್ಲೂ ಇಲ್ಲ. ಆದರೆ ದಿನನಿತ್ಯದ ಹೊರೆ ಬೀಳೋದು ಇಂಥವರ ತಲೆ ಮೇಲೇ. ತೆರಿಗೆ, ಭೂಸ್ವಾಧೀನ, ನೌಕರಿ, ಏನೇ ಬಂದರೂ ಸರ್ಕಾರದ ಪರ ಎದ್ದು ನಿಲ್ಲಬೇಕು. ಖಾಸಗಿ ವಕೀಲನ ಕಕ್ಷಿದಾರ ಎದುರಿಗೆ ಕೂತಿರುತ್ತಾನೆ. ಅವನನ್ನು ಬೈಯಬಹುದು, ರಾಜಿ ಮಾಡ್ಕೋ ಅನ್ನಬಹುದು, ಕೇಳದೇ ಇದ್ದರೆ ಬೇರೆ ವಕೀಲರನ್ನು ನೋಡ್ಕೋ ಅನ್ನಬಹುದು. ಸರ್ಕಾರ ಅನ್ನೋ ಕಕ್ಷಿದಾರನಿಗೆ ಮುಖವೇ ಇಲ್ಲ. ಬರೋದು ಒಂದು ಫೈಲು, ಅದರ ಜೊತೆ ಒಬ್ಬ ಕೇಸ್ ವರ್ಕರ್. ಅವನಿಗೆ ಯಾವ ತೀರ್ಮಾನ ತಗೊಳ್ಳೋ ಅಧಿಕಾರವೂ ಇರಲ್ಲ.

ಸರ್ಕಾರಿ ವಕೀಲನಾಗಿದ್ದಾಗಿನ ನನ್ನದೇ ಒಂದು ಕೇಸು ಹೇಳುತ್ತೇನೆ. ಬಾಣೆ ಜಾಗದಲ್ಲಿ ಒಂದು ಬೀಟೆ ಮರ. ಮರ ಸರ್ಕಾರದ್ದು ಅಂತ ಇಲಾಖೆಯ ವಾದ, ನಮ್ಮ ಒಕ್ಕದ (ಕೂಡು ಕುಟುಂಬದ) ಜಾಗದ್ದು ಅಂತ ಆ ಕಡೆಯವರ ವಾದ. ಉತ್ತರ ಬರೆಯೋಕೆ ಪ್ಯಾರಾವೈಸ್ ರಿಮಾರ್ಕ್ಸ್, ಅಂದರೆ ಅವರ ಅರ್ಜಿಯ ಒಂದೊಂದು ಪ್ಯಾರಾಗೂ ಇಲಾಖೆಯ ಅಭಿಪ್ರಾಯ, ಕಳಿಸಿ ಅಂತ ಎರಡು ವಾಯಿದೆ ಪತ್ರ ಬರೆದೆ. ಮೂರನೇ ವಾಯಿದೆಯ ಹಿಂದಿನ ಸಂಜೆ ಫೈಲು ಬಂತು. ಮೇಲಿನ ರಟ್ಟು ಮಳೆಗೆ ನೆನೆದು ಬಾಗಿತ್ತು. ಒಳಗೆ ಎಲ್ಲ ಪ್ಯಾರಾಗೂ ಒಂದೇ ಉತ್ತರ: ಅಲ್ಲಗಳೆಯಲಾಗಿದೆ. ಫೈಲಿನ ಕೊನೆಯಲ್ಲಿ ಇಲಾಖೆಯವರೇ ಮಾಡಿಸಿದ ಸರ್ವೆ ನಕ್ಷೆ ಇತ್ತು. ಅದರಲ್ಲಿ ಗಡಿಕಲ್ಲು ಇಲ್ಲಿ, ಮರ ಅದರ ಒಳಗೆ, ಪೆನ್ಸಿಲಿನಲ್ಲಿ ಒಂದು ಸಣ್ಣ ಸುತ್ತು ಬೇರೆ. ಅಂದರೆ ಅಳತೆ ಸರ್ಕಾರದ ವಿರುದ್ಧವೇ ಇತ್ತು. ಇದನ್ನು ಕೋರ್ಟಿಗೆ ಹಾಕಬೇಡಿ ಸಾರ್ ಅಂತ ಬಾಯಿಮಾತಿನಲ್ಲಿ ಸೂಚನೆ ಬಂತು. ಸರಿ, ಹಾಗಂತ ಬರೆದು ಕೊಡಿ ಅಂದೆ. ಯಾರೂ ಬರೆದು ಕೊಡಲಿಲ್ಲ. ನಕ್ಷೆ ಹಾಕಿದೆ. ಅವಧಿ ಮುಗಿದ ಮೇಲೆ ನನಗೆ ಮತ್ತೆ ನೇಮಕದ ಆದೇಶ ಬರಲಿಲ್ಲ. ಯಾಕೆ ಅಂತ ಕೇಳೋಕೆ ನಾನೂ ಹೋಗಲಿಲ್ಲ. ನನ್ನ ಜಮ್ಮಾ ಕೇಸುಗಳು ಇದ್ದವು, ಹೊಟ್ಟೆಗೆ ತೊಂದರೆ ಆಗಲಿಲ್ಲ.

ಆ ಕೊನೆಯ ಮಾತನ್ನು ಸುಮ್ನೆ ಹೇಳಿದ್ದಲ್ಲ. ಅದಕ್ಕೆ ಮತ್ತೆ ಬರುತ್ತೇನೆ.

1975ರ ಜೂನ್ 12ಕ್ಕೆ ಅಲಹಾಬಾದ್ ಹೈಕೋರ್ಟು ಇಂದಿರಾ ಗಾಂಧಿಯವರ ಚುನಾವಣೆ ಅಸಿಂಧು ಅಂದಿತು. 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ನರಿಮನ್ ಆಗ ಬೊಂಬಾಯಿಯಲ್ಲಿದ್ದರು. ಕಾನೂನು ಮಂತ್ರಿ ಎಚ್.ಆರ್. ಗೋಖಲೆ ಅವರಿಗೆ ಫೋನ್ ಮಾಡಿ, 27ಕ್ಕೆ ರಾಜೀನಾಮೆ ಕೊಟ್ಟರು. ಪತ್ರಿಕಾಗೋಷ್ಠಿ ಇಲ್ಲ, ದೊಡ್ಡ ಹೇಳಿಕೆ ಇಲ್ಲ. ಆ ದಿನಗಳಲ್ಲಿ ಹೇಳಿಕೆ ಕೊಟ್ಟಿದ್ದರೂ ಸೆನ್ಸಾರ್ ದಾಟಿ ಪತ್ರಿಕೆಯಲ್ಲಿ ಬರೋದು ಕಷ್ಟವಿತ್ತು, ಅದು ಬೇರೆ ಮಾತು.

ಇದನ್ನು ಓದುವಾಗ ನನಗೆ ಪ್ರತಿ ಸಲ ನೆನಪಾಗೋದು ಇನ್ನೊಬ್ಬರು. ನಿರೇನ್ ಡೇ, ಆಗಿನ ಅಟಾರ್ನಿ ಜನರಲ್. ಅವರು ಹುದ್ದೆಯಲ್ಲೇ ಉಳಿದರು. ಬಂಧನದಲ್ಲಿದ್ದವರು ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಬಂಧನ ಕಾನೂನುಬದ್ಧವೇ ಅಂತ ಕೋರ್ಟು ನೋಡಲಿ ಅನ್ನೋ ಅರ್ಜಿ, ಹಾಕಬಹುದೋ ಇಲ್ಲವೋ ಅನ್ನೋ ಜಬಲ್ಪುರ್ ಕೇಸಿನಲ್ಲಿ ಸರ್ಕಾರದ ಪರ ನಿಂತದ್ದು ಅವರೇ. ನ್ಯಾಯಮೂರ್ತಿ ಎಚ್.ಆರ್. ಖನ್ನಾ ಒಂದು ನೇರ ಪ್ರಶ್ನೆ ಹಾಕಿದರು. ಒಬ್ಬ ಪೊಲೀಸ್ ಅಧಿಕಾರಿ ವೈಯಕ್ತಿಕ ದ್ವೇಷಕ್ಕೆ ಒಬ್ಬನನ್ನು ಕೊಂದರೆ, ಆಗಲೂ ಕೋರ್ಟಿನಲ್ಲಿ ಪರಿಹಾರ ಇಲ್ಲವೇ? ತುರ್ತು ಪರಿಸ್ಥಿತಿ ಇರೋ ತನಕ ಇಲ್ಲ ಅಂತ ಉತ್ತರ ಬಂತು. 1976ರ ಏಪ್ರಿಲ್ 28ಕ್ಕೆ ನಾಲ್ಕು ನ್ಯಾಯಮೂರ್ತಿಗಳು ಸರ್ಕಾರದ ಪರ ತೀರ್ಪು ಬರೆದರು, ಖನ್ನಾ ಒಬ್ಬರೇ ವಿರುದ್ಧ.

ವಕೀಲನಾಗಿ ನೋಡಿದರೆ ಡೇ ಅವರ ಉತ್ತರ ಪ್ರಾಮಾಣಿಕವೇ. ಸರ್ಕಾರದ ವಾದವನ್ನು ಒಪ್ಪಿದರೆ ಆ ವಾದ ಎಲ್ಲಿ ಹೋಗಿ ನಿಲ್ಲುತ್ತದೆ ಅಂತ ಮುಚ್ಚಿಡದೆ ಹೇಳಿದರು. ಆದರೆ ಅಂಥ ವಾದ ಮಾಡೋಕೆ ನಾನು ಇರಲೇಬೇಕಾ? ಈ ಪ್ರಶ್ನೆಯನ್ನು ನರಿಮನ್ ಆ ತೀರ್ಪಿಗೆ ಹತ್ತು ತಿಂಗಳು ಮೊದಲೇ ಕೇಳಿಕೊಂಡು ಎದ್ದು ಹೋಗಿದ್ದರು. ಇಬ್ಬರೂ ಹೆಸರುವಾಸಿ ವಕೀಲರು. ಹುದ್ದೆ ಬಿಟ್ಟರೆ ಇಬ್ಬರಿಗೂ ಊಟಕ್ಕೆ ತೊಂದರೆ ಆಗುತ್ತಿರಲಿಲ್ಲ. ಅಂದರೆ ಕೈ ತುಂಬ ಖಾಸಗಿ ಕೇಸು ಇದ್ದ ಮಾತ್ರಕ್ಕೆ ಯಾರೂ ಎದ್ದು ಹೋಗಲ್ಲ. ಆದರೆ ಅದು ಇಲ್ಲದೇ ಇದ್ದರೆ ಎದ್ದು ಹೋಗೋದು ಬಹಳ ಕಷ್ಟ. ನನ್ನ ಬೀಟೆ ಮರದ ಕೇಸಿನಷ್ಟು ಸಣ್ಣ ವಿಷಯದಲ್ಲೂ ಇದು ನಿಜ.

ಇಷ್ಟಕ್ಕೇ ನಿಲ್ಲಿಸಿದರೆ ನರಿಮನ್ ಅವರನ್ನು ದೇವರ ಪಟ ಮಾಡಿ ಗೋಡೆಗೆ ಹಾಕಿದ ಹಾಗಾಗುತ್ತದೆ. ಅವರ ಖಾಸಗಿ ವಕೀಲಿಕೆಯಲ್ಲಿ ಭೋಪಾಲ್ ಇದೆ. 1984ರ ಡಿಸೆಂಬರಿನ ಅನಿಲ ದುರಂತದ ನಂತರ ಪರಿಹಾರದ ಕೇಸಿನಲ್ಲಿ ಅವರು ನಿಂತದ್ದು ಯೂನಿಯನ್ ಕಾರ್ಬೈಡ್ ಪರ. 1989ರ ಫೆಬ್ರವರಿಯಲ್ಲಿ 47 ಕೋಟಿ ಡಾಲರಿಗೆ ಇತ್ಯರ್ಥ ಆಯಿತು. ಆ ಮೊತ್ತ ಎಷ್ಟು ಕಡಿಮೆ ಅಂತ ಸಂತ್ರಸ್ತರು ಇವತ್ತಿಗೂ ಹೇಳುತ್ತಾರೆ. ಮುಂದೆ ಏನೇನು ಹೊರಬರುತ್ತದೆ ಅಂತ ಗೊತ್ತಿದ್ದರೆ ಆ ಕೇಸು ತಗೊಳ್ಳುತ್ತಿರಲಿಲ್ಲ ಅಂತ ಅವರು ಮುಂದೆ ಬಹಿರಂಗವಾಗಿಯೇ ಹೇಳಿದರು. ಹೇಳಿದ್ದು ದೊಡ್ಡದೇ. ಆದರೆ ಅಲ್ಲಿ ಅವರು ಕೇಸು ವಾಪಸ್ ಕೊಡಲಿಲ್ಲ. ನನಗೆ ಇದು ಸ್ವಲ್ಪ ಚುಚ್ಚುತ್ತದೆ. ಸರ್ಕಾರ ತಪ್ಪು ಮಾಡಿದಾಗ ಎರಡೇ ದಿನಕ್ಕೆ ಎದ್ದವರು ಕಂಪನಿ ವಿಷಯದಲ್ಲಿ ಕೂತೇ ಇದ್ದರು, ಯಾಕೆ? ಖಾಸಗಿ ಕಕ್ಷಿದಾರ ಎಷ್ಟೇ ಕೆಟ್ಟವನಾದರೂ ಅವನಿಗೆ ವಕೀಲ ಬೇಕು ಅನ್ನೋ ಧರ್ಮ ನಮ್ಮ ತಲೆಯಲ್ಲಿ ಗಟ್ಟಿಯಾಗಿ ಕೂತಿದೆ. ಬಾರ್ ಕೌನ್ಸಿಲ್ ನಿಯಮವೂ ಹಾಗೇ ಇದೆ: ತನ್ನ ಮಟ್ಟಕ್ಕೆ ತಕ್ಕ ಫೀಸು ಕೊಟ್ಟು ಬಂದ ಕೇಸನ್ನು ವಕೀಲ ತಗೊಳ್ಳಬೇಕು, ವಿಶೇಷ ಕಾರಣ ಇದ್ದರೆ ಮಾತ್ರ ಬೇಡ ಅನ್ನಬಹುದು. ಆ ವಿಶೇಷ ಕಾರಣ ಯಾವುದು ಅಂತ ನಿಯಮ ಪಟ್ಟಿ ಮಾಡಿಲ್ಲ. ಅದು ಅವರವರ ಮನಸ್ಸಿಗೆ ಬಿಟ್ಟದ್ದು.

ಗುಜರಾತಿನ ನರ್ಮದಾ ಕೇಸಿನಲ್ಲಿ ಅವರಿಗೆ ಆ ಕಾರಣ ಸಿಕ್ಕಿತು. 1998ರ ಹೊತ್ತಿಗೆ ಆ ರಾಜ್ಯ ಸರ್ಕಾರದ ವಕೀಲರು ಇವರೇ. ಅಲ್ಲಿ ಕ್ರೈಸ್ತರ ಮೇಲೆ ಹಲ್ಲೆಯಾಗಿ ಬೈಬಲ್ ಸುಟ್ಟ ಸುದ್ದಿಗಳು ಬಂದಾಗ ಸರ್ಕಾರದ ಗಮನಕ್ಕೆ ತಂದರು, ಪರಿಸ್ಥಿತಿ ಸರಿಹೋಗಲಿಲ್ಲ ಅನ್ನಿಸಿದಾಗ ಬ್ರೀಫ್ (ವಾದಿಸೋಕೆ ಕೊಟ್ಟ ಕೇಸು) ವಾಪಸ್ ಮಾಡಿದರು. ಅಣೆಕಟ್ಟಿನ ಕೇಸಿಗೂ ಹಲ್ಲೆಗೂ ಏನೂ ಸಂಬಂಧ ಇರಲಿಲ್ಲ. ಆದರೂ ಬಿಟ್ಟರು.

ನಮ್ಮವರಿಗೆ ಜಾಸ್ತಿ ಸಿಟ್ಟು ಬಂದದ್ದು 2014ರಲ್ಲಿ. ಸೆಪ್ಟೆಂಬರ್ 27ಕ್ಕೆ ಬೆಂಗಳೂರಿನ ವಿಶೇಷ ನ್ಯಾಯಾಲಯ ಜಯಲಲಿತಾ ಅವರಿಗೆ ಶಿಕ್ಷೆ ಕೊಟ್ಟಿತು. ಅಕ್ಟೋಬರ್ 17ಕ್ಕೆ ಸುಪ್ರೀಂ ಕೋರ್ಟಿನಲ್ಲಿ ಅವರಿಗೆ ಜಾಮೀನು ಸಿಕ್ಕಿತು, ವಾದಿಸಿದವರು ನರಿಮನ್. ಕಾವೇರಿಯಲ್ಲಿ ತಮಿಳುನಾಡಿನ ವಿರುದ್ಧ ನಮ್ಮ ವಕೀಲ, ಇಲ್ಲಿ ಅದೇ ನಾಡಿನ ನಾಯಕಿಯ ವಕೀಲ. ಆ ದಿನ ತುಲಾ ಸಂಕ್ರಮಣದ ಹೊತ್ತು, ಕೊಡಗಿನ ಅರ್ಧ ಜನ ತೀರ್ಥೋದ್ಭವಕ್ಕೆ ತಲಕಾವೇರಿ ದಾರಿಯಲ್ಲಿ. ಬಸ್ಸಿನಲ್ಲಿ, ಭಾಗಮಂಡಲದ ಅಂಗಡಿ ಮುಂದೆ, ಎಲ್ಲ ಕಡೆ ಇದೇ ಮಾತು. ವಕೀಲರಾದ ನಮಗೆ ಇದರಲ್ಲಿ ಆಶ್ಚರ್ಯ ಕಾಣಲಿಲ್ಲ. ಬೆಳಿಗ್ಗೆ ಅಣ್ಣನ ಪರ ಒಂದು ಕೇಸು, ಮಧ್ಯಾಹ್ನ ಅದೇ ಅಣ್ಣನ ವಿರುದ್ಧ ಇನ್ನೊಬ್ಬರ ಕೇಸು, ನಮ್ಮಲ್ಲಿ ನಡೆಯುವಂಥದ್ದೇ. ಎರಡು ಕೇಸಿಗೂ ಸಂಬಂಧ ಇರಬಾರದು, ಅಷ್ಟೇ. ಇದನ್ನು ಹೊರಗಿನವರಿಗೆ ಅರ್ಥ ಮಾಡಿಸೋದು ಮಾತ್ರ ಇವತ್ತಿಗೂ ಆಗಿಲ್ಲ.

ಇನ್ನು 2016.

ಆ ವರ್ಷ ಕೊಡಗಿನಲ್ಲೇ ಮಳೆ ಸರಿಯಾಗಿ ಹಿಡಿಯಲಿಲ್ಲ. ಸೆಪ್ಟೆಂಬರ್ 5ಕ್ಕೆ ಸುಪ್ರೀಂ ಕೋರ್ಟು ತಮಿಳುನಾಡಿಗೆ 15,000 ಕ್ಯುಸೆಕ್ (ಸೆಕೆಂಡಿಗೆ ಅಷ್ಟು ಘನ ಅಡಿ) ನೀರು ಬಿಡಿ ಅಂದಿತು, ಹತ್ತು ದಿನ. 9ಕ್ಕೆ ಕರ್ನಾಟಕ ಬಂದ್. 12ಕ್ಕೆ ಅದನ್ನು 12,000ಕ್ಕೆ ಇಳಿಸಿತು, ಅದೇ ದಿನ ಬೆಂಗಳೂರಿನಲ್ಲಿ ಬಸ್ಸುಗಳು ಹೊತ್ತಿ ಉರಿದವು. ನಮ್ಮ ತೋಟಗಳ ಕಾರ್ಮಿಕರ ಲೈನ್ ಮನೆಗಳಲ್ಲಿ ತಮಿಳು ಮಾತಾಡೋ ಕುಟುಂಬಗಳು ಎಷ್ಟೋ ತಲೆಮಾರಿನಿಂದ ಇವೆ. ನನಗೆ ಗೊತ್ತಿದ್ದ ಒಂದು ತೋಟದಲ್ಲಿ ಆ ವಾರ ರೈಟರು (ತೋಟದ ಲೆಕ್ಕ ನೋಡುವವರು) ಸಂಜೆ ಹೊತ್ತು ಲೈನಿಗೆ ಹೋಗಿ, ಸಂತೆಗೆ ಯಾರೂ ಹೋಗಬೇಡಿ, ಸಾಮಾನು ನಾನೇ ತರಿಸಿ ಕೊಡ್ತೇನೆ ಅಂತ ಹೇಳಿ ಬಂದರು. ಒಂದು ಮುದುಕಿ ಮಾತ್ರ, ನನ್ನ ವೋಟು ಇಲ್ಲಿ, ರೇಷನ್ ಕಾರ್ಡು ಇಲ್ಲಿ, ನಾನು ಯಾಕೆ ಹೆದರಬೇಕು ಅಂತ ರೈಟರಿಗೇ ಜೋರು ಮಾಡಿದಳಂತೆ. ಕೊಡಗಿನಲ್ಲಿ ಏನೂ ಆಗಲಿಲ್ಲ. ಆದರೆ ಕ್ಯುಸೆಕ್ ಅನ್ನೋ ಪದ ಕೇಳಿದರೆ ಲೈನ್ ಮನೆಯಲ್ಲಿ ಬಾಗಿಲು ಹಾಕಿಕೊಳ್ಳೋ ಕಾಲ ಅದು.

20ಕ್ಕೆ 6,000 ಕ್ಯುಸೆಕ್ ಅಂತ ಮತ್ತೊಂದು ಆದೇಶ. 23ಕ್ಕೆ ವಿಧಾನಮಂಡಲ ಸೇರಿ, ಇರೋ ನೀರು ಕುಡಿಯೋಕೆ ಮಾತ್ರ ಅಂತ ನಿರ್ಣಯ ಮಾಡಿತು. ನೀರು ಬಿಡಲಿಲ್ಲ. 27ಕ್ಕೆ ಕೋರ್ಟು ಮತ್ತೆ ಬಿಡಿ ಅಂದಿತು, ಆಗಲೂ ಬಿಡಲಿಲ್ಲ. 30ಕ್ಕೆ ನರಿಮನ್ ಎದ್ದು ನಿಂತು, ನನ್ನ ಕಕ್ಷಿದಾರ ನಿಮ್ಮ ಆದೇಶ ಪಾಲಿಸಿಲ್ಲ, ಹೀಗಿರುವಾಗ ನಾನು ಮುಂದೆ ವಾದ ಮಾಡೋದಿಲ್ಲ ಅನ್ನೋ ಅರ್ಥದ ಮಾತು ಹೇಳಿದರು.

ನಮ್ಮ ಬಾರ್ ರೂಮಿನ ಟಿವಿಯಲ್ಲಿ ಈ ಸುದ್ದಿ ಪಟ್ಟಿಯಾಗಿ ಓಡಿದಾಗ ಒಂದು ಕ್ಷಣ ಯಾರೂ ಮಾತಾಡಲಿಲ್ಲ. ಆಮೇಲೆ ಎಲ್ಲರೂ ಒಟ್ಟಿಗೇ ಮಾತಾಡಿದರು. "ಯುದ್ಧದ ಮಧ್ಯೆ ಬಿಟ್ಟು ಹೋದ್ರಲ್ಲ" ಅಂದರು ಒಬ್ಬರು. "ಸಾರ್, ನಿಮ್ಮ ಕಕ್ಷಿದಾರ ಕೋರ್ಟಿನ ತಡೆಯಾಜ್ಞೆ ಮುರಿದು ಬೇಲಿ ಹಾಕಿ ಬಂದ್ರೆ ನೀವು ಮರುದಿನ ಜಡ್ಜ್ ಮುಂದೆ ಏನು ಹೇಳ್ತೀರಿ?" ಅಂತ ಇನ್ನೊಬ್ಬರು ಕೇಳಿದರು. ಇಷ್ಟು ಸರಳವಾಗಿ ಯಾವ ಚಾನೆಲ್ಲಿನಲ್ಲೂ ಯಾರೂ ಹೇಳಲಿಲ್ಲ. ಆದೇಶ ಮುರಿದವನ ಮಾತನ್ನು ಕೋರ್ಟು ಕೇಳಿಸಿಕೊಳ್ಳಲ್ಲ. ಕೇಳಿಸಿಕೊಳ್ಳಬೇಕು ಅಂತ ಇದ್ದರೆ ವಕೀಲನ ಮಾತಿಗಾದರೂ ಬೆಲೆ ಉಳಿದಿರಬೇಕು. ನರಿಮನ್ ಆ ದಿನ ಉಳಿಸಿಕೊಂಡದ್ದು ತಮ್ಮ ಮರ್ಯಾದೆ ಅಂತ ತುಂಬ ಜನ ಬರೆದರು. ನನ್ನ ಲೆಕ್ಕದಲ್ಲಿ ಅವರು ರಾಜ್ಯದ ಕೇಸನ್ನೇ ಉಳಿಸಿದರು. ಯಾಕಂದರೆ ಮುಖ್ಯ ಮೇಲ್ಮನವಿಗಳು ಇನ್ನೂ ಬಾಕಿ ಇದ್ದವು. 2007ರ ಫೆಬ್ರವರಿ 5ರ ಕಾವೇರಿ ನ್ಯಾಯಮಂಡಳಿ ಐತೀರ್ಪು ಕರ್ನಾಟಕಕ್ಕೆ 270 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ), ತಮಿಳುನಾಡಿಗೆ 419 ಅಂದಿತ್ತಲ್ಲ, ಅದನ್ನು ಅದೇ ಕೋರ್ಟಿನಲ್ಲಿ ಪ್ರಶ್ನೆ ಮಾಡಬೇಕಿತ್ತು.

ಇಲ್ಲಿ ಇನ್ನೊಂದು ಸೂಕ್ಷ್ಮ ಉಂಟು. 1975ರಲ್ಲಿ ಅವರು ಸರ್ಕಾರದ ಕಾನೂನು ಅಧಿಕಾರಿ. 2016ರಲ್ಲಿ ಖಾಸಗಿ ಹಿರಿಯ ವಕೀಲರು, ಸರ್ಕಾರ ಅವರ ಕಕ್ಷಿದಾರ ಅಷ್ಟೇ. ಹಿರಿಯ ವಕೀಲರು ತಾವೇ ವಕಾಲತ್ತು ಹಾಕೋ ಹಾಗಿಲ್ಲ. ಸುಪ್ರೀಂ ಕೋರ್ಟಿನಲ್ಲಿ ಅಡ್ವೊಕೇಟ್ ಆನ್ ರೆಕಾರ್ಡ್ ಕೇಸು ತಯಾರು ಮಾಡಿ ಇವರಿಗೆ ಬ್ರೀಫ್ ಕೊಡಬೇಕು. ಹಾಗಾಗಿ ರಾಜೀನಾಮೆ ಕೊಡೋಕೆ ಹುದ್ದೆಯೇ ಇರಲಿಲ್ಲ. ಬ್ರೀಫ್ ವಾಪಸ್ ಕೊಡೋದು, ಇಲ್ಲಾ ಬಾಯಿ ಮುಚ್ಚಿ ನಿಲ್ಲೋದು, ಇಷ್ಟೇ ಅವರ ಕೈಯಲ್ಲಿದ್ದದ್ದು. ಅವರ ಜೊತೆ ನಮ್ಮ ರಾಜ್ಯದ ಪರ ವರ್ಷಗಟ್ಟಲೆ ದುಡಿದ ಅನಿಲ್ ದಿವಾನ್ 2017ರ ಮಾರ್ಚಿನಲ್ಲಿ ತೀರಿಕೊಂಡರು, ಅಂತಿಮ ತೀರ್ಪು ನೋಡಲಿಲ್ಲ.

ಅಕ್ಟೋಬರ್ ಮೊದಲ ವಾರ ವಿಧಾನಮಂಡಲ ಮತ್ತೆ ಸೇರಿತು, ನೀರು ಹೋಯಿತು. 2017ರಲ್ಲಿ ಮೇಲ್ಮನವಿಗಳ ಅಂತಿಮ ವಿಚಾರಣೆ ಶುರುವಾದಾಗ ಕರ್ನಾಟಕದ ಪರ ಎದ್ದು ನಿಂತವರು ಮತ್ತೆ ನರಿಮನ್ನೇ, 88ರ ವಯಸ್ಸಿನಲ್ಲಿ. ಬಿಟ್ಟು ಹೋದರು ಅಂತ ಬೈದವರು ಈ ಭಾಗವನ್ನು ಹೇಳೋದೇ ಇಲ್ಲ.

ಅಲ್ಲಿ ಅವರ ಒಂದು ವಾದ ಕೊಡಗಿನವರು ಕೇಳಬೇಕಾದದ್ದು. 1892 ಮತ್ತು 1924ರ ಒಪ್ಪಂದಗಳಲ್ಲಿ ಮೈಸೂರಿಗೆ ಚೌಕಾಸಿ ಮಾಡೋ ಶಕ್ತಿಯೇ ಇರಲಿಲ್ಲ, ಎದುರಿಗೆ ಬ್ರಿಟಿಷರ ಮದ್ರಾಸು, ಹಾಗಾಗಿ ಅವು ನ್ಯಾಯವಾದ ಒಪ್ಪಂದಗಳಲ್ಲ ಅಂತ. ಕೋರ್ಟು ಒಪ್ಪಲಿಲ್ಲ. ಆದರೆ 1924ರ ಒಪ್ಪಂದ 50 ವರ್ಷ ಮುಗಿದ 1974ಕ್ಕೇ ಮುಗಿಯಿತು ಅಂದಿತು. ಆ ಕಾಗದಕ್ಕೆ ಸಹಿ ಹಾಕಿದ್ದು ಮೈಸೂರು, ಮದ್ರಾಸು. ಕೊಡಗು ಆಗ ಚೀಫ್ ಕಮಿಷನರ್ ಕೈಕೆಳಗಿನ ಬೇರೆಯೇ ಪ್ರಾಂತ್ಯ, ಮೈಸೂರಿಗೆ ಸೇರಿದ್ದು 1956ರಲ್ಲಿ. ನದಿ ಹುಟ್ಟಿದ ಊರಿನವರ ಸಹಿ ಎಲ್ಲೂ ಇಲ್ಲ. ಈಗಲೂ ಕುಶಾಲನಗರದ ಹತ್ತಿರದ ಹಾರಂಗಿ ಕಟ್ಟೆಯಿಂದ ಜಾಸ್ತಿ ನೀರು ಹೋಗೋದು ಪಿರಿಯಾಪಟ್ಟಣ, ಹುಣಸೂರು ಕಡೆಯ ಗದ್ದೆಗಳಿಗೇ. ಹೋಗಲಿ, ಗದ್ದೆಗೆ ತಾನೇ.

2018ರ ಫೆಬ್ರವರಿ 16ಕ್ಕೆ ತೀರ್ಪು ಬಂತು. ಕರ್ನಾಟಕಕ್ಕೆ 14.75 ಟಿಎಂಸಿ ಜಾಸ್ತಿ ಸಿಕ್ಕಿತು: ತಮಿಳುನಾಡಿನ ಅಂತರ್ಜಲ ಲೆಕ್ಕಕ್ಕೆ ತಗೊಂಡು 10, ಬೆಂಗಳೂರಿನ ಕುಡಿಯೋ ನೀರಿಗೆ 4.75. ಒಟ್ಟು 284.75. ರಾಜ್ಯ ತಮಿಳುನಾಡಿಗೆ ಬಿಡಬೇಕಾದದ್ದು 192ರಿಂದ 177.25ಕ್ಕೆ ಇಳಿಯಿತು. ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲ ಅಂತಲೂ ಕೋರ್ಟು ಹೇಳಿತು. ಅಷ್ಟು ಫೀಸು ತಗೊಂಡು ಏನು ಮಾಡಿದರು ಅಂತ ಕೇಳೋ ಹೋಟೆಲಿನ ದೋಸ್ತರಿಗೆ ನಾನು ಕೊಡೋ ಲೆಕ್ಕ ಇದು. 14.75 ಅಂದರೆ ನಮ್ಮ ಹಾರಂಗಿ ಕಟ್ಟೆಯ ಒಂದೂವರೆ ಪಾಲಿಗಿಂತ ಜಾಸ್ತಿ.

ನರಿಮನ್ ಅವರ ಮಗ ರೋಹಿಂಟನ್ 2011ರಲ್ಲಿ ದೇಶದ ಸಾಲಿಸಿಟರ್ ಜನರಲ್ ಆದರು, 2013ರ ಫೆಬ್ರವರಿಯಲ್ಲಿ ಅವಧಿಗೆ ಮೊದಲೇ ರಾಜೀನಾಮೆ ಕೊಟ್ಟರು. ಮುಂದಿನ ವರ್ಷ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಅಪ್ಪನ ಹಾಗೇ ಮಗ ಅನ್ನೋದು ಸುಲಭ. ಆದರೆ ಆ ಮನೆಯಲ್ಲಿ ಹುದ್ದೆ ಬಿಟ್ಟರೆ ಮರುದಿನ ಬಾಗಿಲಲ್ಲಿ ಕಕ್ಷಿದಾರರ ಸಾಲು ಇರುತ್ತದೆ ಅನ್ನೋದೂ ನಿಜ ಅಲ್ವಾ?

ನನ್ನ ಜೂನಿಯರ್ ಹುಡುಗಿ ಒಬ್ಬಳು ಈಗ ಸಹಾಯಕ ಸರ್ಕಾರಿ ವಕೀಲರ ಹುದ್ದೆಗೆ ಅರ್ಜಿ ಹಾಕಬೇಕು ಅಂತಿದ್ದಾಳೆ. ಹಾಕು ಅಂದೆ. ಇಲಾಖೆ ಏನೇ ಹೇಳಿದರೂ ಬರೆದು ಕೊಡಿ ಅನ್ನು, ಫೀಸಿನ ಬಿಲ್ಲು ಪಾಸಾಗೋಕೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಸರ್ಕಾರದ ವಿರುದ್ಧ ಇಲ್ಲದ ನಾಲ್ಕಾರು ಖಾಸಗಿ ಕೇಸು ಕೈಯಲ್ಲಿ ಇಟ್ಕೋ ಅಂದೆ. ಅವಳು ಸ್ವಲ್ಪ ಯೋಚಿಸಿ, "ಅಂದ್ರೆ ಸಾರ್, ಪ್ರಾಕ್ಟೀಸ್ ಗಟ್ಟಿ ಆದವರೇ ಈ ಕೆಲಸಕ್ಕೆ ಹೋಗ್ಬೇಕು ಅಂತೀರಾ?" ಅಂತ ಕೇಳಿದಳು. ಹೌದು ಅಂದೆ. "ಪ್ರಾಕ್ಟೀಸ್ ಗಟ್ಟಿ ಇರೋರು ಯಾರೂ ಈ ಫೀಸಿಗೆ ಬರಲ್ಲ ಸಾರ್" ಅಂದಳು. ಅದೂ ಹೌದು ಅಂದೆ. ಅರ್ಜಿಗೆ ಕೊನೆ ದಿನ ಇದೇ ಶುಕ್ರವಾರ, ಫಾರಂ ಜೊತೆ ಹತ್ತು ತೀರ್ಪುಗಳ ನಕಲು ಇಡಬೇಕಂತೆ, ಅವಳೀಗ ಕಾಪಿ ಸೆಕ್ಷನ್ನಿನಲ್ಲಿ ಕ್ಯೂ ನಿಂತಿದ್ದಾಳೆ.